ಕಲಬುರಗಿಯಿಂದ ಕಮಲಾಪುರಕ್ಕೆ ವಿಮಾನದಲ್ಲಿ ಅರ್ಧ ದಿನ

ನಿಜಾಮರ ಕಾಲದ ಕಛೇರಿಯಲ್ಲಿ ಗುಮಾಸ್ತನಾಗಿದ್ದವನು ನಗು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದು ಮೊಹರು ಹಾಕಿಸಿಕೊಂಡು ಟಪಾಲಿನಲ್ಲೇ ಬರುತ್ತಿತ್ತು. ನಕ್ಕು ಮುಗಿದ ಮೇಲೆ ಯಾರ ಮನೆ ಹಾಳಾಯಿತೆಂದು ನೋಡಬೇಕು, ಅಷ್ಟೇ. ಒಂದು ಸಲ ನಮ್ಮ ಮನೆಯೇ ಸಿಕ್ಕಿತು.

ಹುಕುಂ

ಕಲಬುರಗಿಗೊಂದು, ಕಮಲಾಪುರಕ್ಕೊಂದು ವಿಮಾನ ಇಳಿಯುವ ಮೈದಾನ ಆಗಬೇಕು. ಎರಡರ ನಡುವೆ ದೂರವೆಷ್ಟು, ಹೊತ್ತೆಷ್ಟು ಹಿಡಿಯುತ್ತದೆ, ಕೂಡಲೇ ತಿಳಿಸಿ ಎಂದು ಮೇಲಿನಿಂದ ಹುಕುಂ ಬಂತು. ಮೈದಾನ ಎಲ್ಲೂ ಇರಲಿಲ್ಲ. ವಿಮಾನವನ್ನಂತೂ ಕಛೇರಿಯಲ್ಲಿ ಯಾರೂ ಕಂಡವರಲ್ಲ.

“ಸಾಹೇಬ್ರ, ಮೈದಾನನ ಇಲ್ಲ, ದೂರ ಹ್ಯಾಂಗ ಬರೀಲ್ರಿ?” ಎಂದೆ.

“ಅವರು ಮೈದಾನ ಕೇಳ್ಯಾರೇನು? ದೂರ ಕೇಳ್ಯಾರ. ಜಲ್ದಿ ಹೋಗ್ರಿ” ಎಂದರು ಸಾಹೇಬರು.

ಅಳತೆ

ಕಲಬುರಗಿಯ ಮೋಮಿನಪುರ ಓಣಿಯಲ್ಲಿ ಬಾಡಿಗೆಗೆ ಎತ್ತಿನ ಗಾಡಿ ಸಿಕ್ಕಿತು. ಸಿಕ್ಕಲ್ಲಿಂದಲೇ ಅಳತೆ ಶುರು. ಗಾಲಿಗೆ ಚಿಂದಿ ಬಟ್ಟೆ ಕಟ್ಟಿ, ಅದು ಮೇಲೆ ಬಂದಾಗಲೆಲ್ಲ ಒಂದು ಸುತ್ತು ಎಂದು ಎಣಿಸುತ್ತ ಹೋದೆ. ಕಮಲಾಪುರದಲ್ಲಿ ಅಕ್ಕನ ತೋಟ ಬಂತು. ಭಾವ ತೀರಿಕೊಂಡ ಮೇಲೆ ಆ ಕೆಂಪು ಬಾಳೆಯ ತೋಟದಿಂದಲೇ ಅವಳ ಸಂಸಾರ ನಡೆಯುತ್ತಿತ್ತು. ಬಿಸಿ ರೊಟ್ಟಿಯ ವಾಸನೆಗೆ ಎಣಿಕೆ ನಿಲ್ಲಿಸಿದೆ.

“ಅಳತಿ ಇಲ್ಲಿಗೇ ಮುಗೀತೇನೋ ತಮ್ಮಾ?”

“ಹೂಂ ಅಕ್ಕಾ, ಹಸಿವಿ ಆಗ್ಯಾದ.”

ಅಕ್ಕನ ತೋಟದವರೆಗೆ ಗಾಲಿ ಇಷ್ಟು ಸುತ್ತು, ಎತ್ತಿಗೆ ನೀರು ಕುಡಿಸಿದ ಒಂದು ತಾಸೂ ಸೇರಿ ಒಂದು ದಿನ ಹಿಡಿಯಿತು ಎಂದು ಬರೆದುಕೊಟ್ಟೆ. ಸಾಹೇಬರು ಓದಿ, “ವಿಮಾನ ಎತ್ತಿಗಿಂತ ಜೋರು ಹೋಗ್ತದಂತ. ಅರ್ಧ ದಿನ ಮಾಡ್ರಿ” ಎಂದರು. ಮಾಡಿದೆ. ನೀರು ಕುಡಿಸುವ ತಾಸಿಗೆ ಮಾತ್ರ ಅವರು ಕೈ ಹಚ್ಚಲಿಲ್ಲ.

ಮಂಜೂರಿ

ತಿಂಗಳೊಳಗೆ ಉತ್ತರ ಬಂತು: ದೂರ ಮಂಜೂರು, ಅಳತೆ ಮುಗಿದ ಜಾಗದಲ್ಲೇ ಮೈದಾನ ಮಾಡಿ. ಕಾಗದ ಹಿಡಿದು ಸಾಹೇಬರ ಹತ್ತಿರ ಓಡಿದೆ.

“ಸಾಹೇಬ್ರ, ಅದು ನಮ್ಮಕ್ಕನ ತೋಟರಿ! ಊರ ಹೊರಗ ಬಂಜರ ಬಿದ್ದದ, ಅಲ್ಲಿ ಮಾಡ್ರಿ.”

“ಮೈದಾನ ಸರಿಸಿದ್ರ ದೂರ ತಪ್ಪಾಗ್ತದ.”

“ನಾ ರೊಟ್ಟಿ ತಿನ್ನಾಕ ನಿಂತಿದ್ದೆರಿ!”

“ಅರ್ಧ ಹರದಾರಿ ಮುಂದ ಹಸಿವಿ ಆಗಬೇಕಿತ್ತು ನಿಮಗ” ಎಂದರು.

ಕಾಗದವನ್ನು ಎತ್ತಿಗೆ ನೀರು ಕುಡಿಸುವ ತಾಸಿನ ಸಮೇತ ಅಕ್ಕನೆದುರು ಓದಿ ಹೇಳಬೇಕಾದವನೂ ನಾನೇ. ಕಛೇರಿಯ ಆಳುಗಳು ಬಂದು ಗೊನೆ ಬಿಟ್ಟ ಬಾಳೆಗಳನ್ನು ಕಡಿದು ಕೆಡವಿದರು. ಅಂದು ತಿಂದ ರೊಟ್ಟಿ ನನಗಿನ್ನೂ ಅರಗಿಲ್ಲ.

ತಪಾಸಣೆ

ವರ್ಷವಾದರೂ ವಿಮಾನ ಬರಲಿಲ್ಲ. ತಪಾಸಣೆಗೆಂದು ಹೈದರಾಬಾದಿನಿಂದ ದೊಡ್ಡ ಸಾಹೇಬರು ಬಂದರು. ಅದೇ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋದೆ. ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು. ಕಾಗದದಲ್ಲಿದ್ದ ಜಾಗದಲ್ಲೇ ಮೈದಾನ ಕಂಡು ದೊಡ್ಡ ಸಾಹೇಬರಿಗೆ ಬಹಳ ಸಂತೋಷವಾಯಿತು. ಬದುವಿನ ಮೇಲೆ ನಿಂತಿದ್ದ ಅಕ್ಕನನ್ನು ನೋಡಿ, “ಕಮಲಾಪುರದ ಕೆಂಪು ಬಾಳಿಹಣ್ಣು ಭಾಳ ಮಶಹೂರ ಅಂತಾರ. ಎಲ್ಲಿ, ಎರಡು ತರ್ರಿ” ಎಂದರು.

ವರ್ಷದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದ ಅಕ್ಕ ತಲೆ ಮೇಲೆ ಸೆರಗು ಎಳೆದುಕೊಂಡು, ನನ್ನನ್ನೇ ನೋಡುತ್ತ ಅವರಿಗೆ ಹೇಳಿದಳು:

“ಕಲಬುರಗಿಯಿಂದ ವಿಮಾನದಾಗ ಬರಾಕತ್ತಾವ್ರಿ ಸಾಹೇಬ್ರ. ಅರ್ಧ ದಿನದ ಹಾದಿ. ನಡುವ ಎತ್ತಿಗೆ ನೀರು ಕುಡಿಸಾಕ ಒಂದು ತಾಸು ನಿಲ್ತದ. ಕೂಡ್ರಿ.”

ಸಾಹೇಬರು ನನ್ನ ಕಾಗದ ತೆಗೆಸಿ ತಾಳೆ ನೋಡಿದರು. ಸರಿಯಾಗಿತ್ತು. ಗಡಿಯಾರ ಕೈಯಲ್ಲಿ ಹಿಡಿದು ಕಾಯುತ್ತ ಕುಳಿತರು.