ಕೇಕಿನ ಮೇಲೆ ಹದಿಮೂರು ಚೌಕಗಳು

ಜಗತ್ತಿನ ಯಾವ ಲಿಪಿಯೂ ಯಾವ ಪರದೆಯ ಮೇಲೂ ಒಡೆಯದಂತೆ ನೋಡಿಕೊಳ್ಳುವುದು ಒಸಾಕಾದಲ್ಲಿ ನನ್ನ ಉದ್ಯೋಗ. ಹೀಗಾಗಿ ಅತ್ತೆಯವರ ಎಪ್ಪತ್ತನೇ ಹುಟ್ಟುಹಬ್ಬದ ಕೇಕಿನ ಮೇಲೆ ಕನ್ನಡದಲ್ಲಿ ಹೆಸರು ಬರೆಸುವ ಹೊಣೆಯನ್ನು ನಾನೇ ಕೇಳಿ ಪಡೆದೆ.

ಅತ್ತೆಗೆ ಅದು ಜೀವನದ ಮೊದಲ ಕೇಕು. ಮಾರನೆಯ ದಿನವೇ ಮೈಸೂರಿಗೆ ವಾಪಸು. ಎರಡು ತಿಂಗಳಿಂದ ಈ ಊರಿನಲ್ಲಿ ಅವರು ಓದಬಲ್ಲ ಒಂದು ಬೋರ್ಡೂ ಕಂಡಿರಲಿಲ್ಲ. "ಇಂಗ್ಲಿಷ್ ಬೇಡ ಅಳಿಯಂದಿರೇ. ನನ್ನ ಹೆಸರು ನಾನೇ ಓದೋ ಹಾಗಿರಲಿ," ಎಂದಿದ್ದರು.

ಮೊಟ್ಟೆ ಹಾಕದೆ ಕೇಕು ಮಾಡುವ ಅಂಗಡಿಯೊಂದನ್ನು ಹುಡುಕಿ, "ಲಕ್ಷ್ಮೀದೇವಮ್ಮ" ಎಂದು ಟೈಪ್ ಮಾಡಿ ಮೇಲ್ ಕಳಿಸಿದೆ.

"ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸಬಾರದೇನ್ರೀ?" ಎಂದಳು ಹೆಂಡತಿ ಶಾಲಿನಿ.

ಅದು ಈ ವಿದ್ಯೆ ಬಾರದವರ ಉಪಾಯವೆಂದು ಅವಳಿಗೆ ಸಾವಧಾನವಾಗಿ ವಿವರಿಸಿದೆ.

ಅಂಗಡಿಯ ಮೊರಿತಾ ಸಾನ್ ಫೋನ್ ಮಾಡಿದರು. "ಅಕ್ಷರಗಳೆಲ್ಲ ಒಂದೇ ಥರ ಇವೆ. ಹೀಗೇ ಬರೆಯಲೇ?"

ಪಾಪ, ಜಪಾನೀಯರ ಕಣ್ಣಿಗೆ ಕನ್ನಡ ಹಾಗೆ ಕಂಡರೆ ಆಶ್ಚರ್ಯವೇನು? "ಇರುವ ಹಾಗೇ. ಒಂದು ಗೆರೆಯೂ ಹೆಚ್ಚುಕಮ್ಮಿ ಆಗಬಾರದು," ಎಂದು ಅಪ್ಪಣೆ ಕೊಟ್ಟೆ.

ಆಗಲಿಲ್ಲ.

ಹುಟ್ಟುಹಬ್ಬದ ಸಂಜೆ ಅಂಗಡಿಗೆ ಹೋದಾಗ ಮೊರಿತಾ ಸಾನ್ ಎರಡೂ ಕೈಯಲ್ಲಿ ಡಬ್ಬಿ ತೆರೆದು ತೋರಿಸಿದರು. ಬಿಳಿ ಕ್ರೀಮಿನ ಮೇಲೆ ಸಾಲಾಗಿ ಹದಿಮೂರು ಚಾಕೊಲೇಟ್ ಚೌಕಗಳು. (ಅವತ್ತು ಶಾಲಿನಿಗೆ ಹನ್ನೊಂದು ಅಂದಿದ್ದೆನಂತೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ.) ಅವರ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇರಲಿಲ್ಲ. ಫಾಂಟ್ ಇಲ್ಲದ ಕಡೆ ಅಕ್ಷರದ ಬದಲು ಖಾಲಿ ಚೌಕ ಮೂಡುತ್ತದೆ. ಇದು ನನ್ನ ವೃತ್ತಿಯ ಮೊದಲನೇ ಪಾಠ.

"ಸುಮಿಮಾಸೆನ್, ಕ್ಷಮಿಸಿ," ಎಂದು ಮೊರಿತಾ ಸಾನ್ ತಲೆ ಬಾಗಿಸಿದರು. "ನಾಲ್ಕನೆಯದು ಕೂದಲೆಳೆಯಷ್ಟು ಅಗಲವಾಗಿದೆ."

ವಿಷಯ ತಿಳಿದಾಗ ಆ ಮನುಷ್ಯ ಇನ್ನೂ ಆರು ಸಲ ಬಾಗಿದರು. ತಪ್ಪು ನನ್ನದೆಂದು ನಾನೂ ಬಾಗಿದೆ. ಅಷ್ಟರಲ್ಲಿ ಶಾಲಿನಿಯ ಫೋನು: "ಎಲ್ಲಿದ್ದೀರಿ? ಅಮ್ಮ ರೇಷ್ಮೆ ಸೀರೆ ಉಟ್ಟು ಕನ್ನಡಕ ಒರೆಸ್ತಾ ಕೂತಿದ್ದಾರೆ."

ಮೊರಿತಾ ಸಾನ್ ಕ್ರೀಮನ್ನು ಕೆರೆದು, ಹೊಸದಾಗಿ ಸವರಿ, ನನ್ನ ಮುಂದೆ ಕಾಗದ ಇಟ್ಟರು. ಕೈಯಲ್ಲಿ ಕನ್ನಡ ಬರೆದು ಎಷ್ಟು ವರ್ಷವಾಗಿತ್ತೋ! "ಲಕ್ಷ್ಮೀ" ಬರೆಯುವಷ್ಟರಲ್ಲಿ ಒತ್ತು ಎಲ್ಲೋ ಹೋಯಿತು. ಹೊಡೆದು ಹಾಕಿದೆ. ಸಾಲದೆಂದು ಮೇಲೆ ಇನ್ನೊಮ್ಮೆ ಗೀಚಿದೆ. ಅದರ ಪಕ್ಕದಲ್ಲಿ ಪೂರ್ತಿ ಹೆಸರನ್ನು ಸರಿಯಾಗಿ ಬರೆದು ಕೊಟ್ಟೆ.

"ಇರುವ ಹಾಗೇ?" ಎಂದರು.

"ಇರುವ ಹಾಗೇ."

ಒಳಗೆ ಹೋಗಿ ಬರೆದು ತಂದು, ಈ ಸಲವೂ ಅವರು ಡಬ್ಬಿ ತೆರೆಯಲು ಹೊರಟರು. ಅವರ ಮೇಲೆ ಪೂರ್ಣ ವಿಶ್ವಾಸವಿದೆಯೆಂದು ಕೈಯೆತ್ತಿ ತಡೆದು, ರೈಲಿಗೆ ಓಡಿದೆ.

ಮನೆಯಲ್ಲಿ ಡಬ್ಬಿ ತೆರೆದೆವು. ಮೊರಿತಾ ಸಾನ್‌ಗೆ ಕನ್ನಡವೆಲ್ಲ ಒಂದೇ, ಗೀಚಿದ್ದೂ ಕನ್ನಡವೇ. ಎಡಗಡೆ ನನ್ನ ತಪ್ಪು, ಅದರ ಮೇಲೆ ನನ್ನ ಗೀಚು, ಪಕ್ಕದಲ್ಲಿ ಹೆಸರು. ಎಲ್ಲ ಯಥಾವತ್ತು.

ಶಾಲಿನಿ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಕುಣಿಯುತ್ತಿತ್ತು.

ಅತ್ತೆ ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು. "ಲಕ್ಷ್ಮೀದೇವಮ್ಮ." ಇನ್ನೊಮ್ಮೆ ಓದಿದರು. ಆಮೇಲೆ ಚಾಕು ತೆಗೆದುಕೊಂಡು, ಹೆಸರಿಗೆ ತಾಗದಂತೆ ಎಡಗಡೆಯ ಭಾಗವನ್ನು ನೀಟಾಗಿ ಕತ್ತರಿಸಿ ನನ್ನ ತಟ್ಟೆಗೆ ಹಾಕಿದರು.

"ಇದು ನಿಮ್ಮದು ಅಳಿಯಂದಿರೇ. ನೀವೇ ತಿನ್ನಿ."

ತಿಂದೆ. ಚಾಕೊಲೇಟು ಬಹಳ ದಪ್ಪವಾಗಿತ್ತು. ಎರಡು ಸಲ ಗೀಚಿದ್ದೆನಲ್ಲ.