ಅಂಗಿಯ ಮೇಲಿನ ಐದು ಬೆರಳು

ಮುಂಬಯಿಯ ವಿಲೆ ಪಾರ್ಲೆಯ ಶಾಲೆಯೊಂದರಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠ ಹೇಳುವ ನೀಲಕಂಠಪ್ಪ ಮಾಸ್ತರರಿಗೆ ಜಗತ್ತಿನ ಮೇಲೆ ಒಂದೇ ದೂರು: ಈ ನಾದಿನಿಯರು ಹೆರುವುದಾದರೂ ಯಾತಕ್ಕೆ? ನಾದಿನಿಯ ಬಾಣಂತನಕ್ಕೆಂದು ಹೆಂಡತಿ ರಾಚವ್ವ ವಿಜಾಪುರಕ್ಕೆ ಹೋಗಿ ಮೂರು ತಿಂಗಳಾಗಿತ್ತು. (ವಿಜಾಪುರವೂ ಆಗ ಮುಂಬಯಿ ರಾಜ್ಯದಲ್ಲೇ ಇತ್ತು. ಅದರಿಂದ ವಿರಹ ಎಳ್ಳಷ್ಟೂ ಕಡಿಮೆಯಾಗಲಿಲ್ಲ.)

ಅವಳು ಹೊರಟ ದಿನ ಅತ್ತೆ ಸೊಸೆ ಇಬ್ಬರೂ ಕೂತು ಅರಿಸಿನ ಕುಟ್ಟಿದ್ದರು. ಬೋರಿಬಂದರಿನಲ್ಲಿ ಅವಳನ್ನು ರೈಲು ಹತ್ತಿಸಿ, ಚಾಳಿನ ಒಂಟಿಕೋಣೆಯ ಮನೆಗೆ ಮರಳಿ ಅಂಗಿ ಕಳಚಿದರೆ ಬೆನ್ನಮೇಲೆ ಐದು ಬೆರಳು ಹಳದಿಯಾಗಿ ಮೂಡಿದ್ದವು. ಹೋಗುವ ಮುಂಚೆ ಮುಟ್ಟಿ ಹೋಗಿದ್ದಾಳೆ! ಮಾಸ್ತರರ ಎದೆ ತುಂಬಿ ಬಂತು. ಅಂಗಿಯನ್ನು ತೊಳೆಯಲು ಕೊಡದೆ ಗೂಟಕ್ಕೆ ತೂಗುಹಾಕಿದರು. ಶಾಲೆಯಿಂದ ಬಂದವರೇ ಅದರೆದುರು ಕೂತು ನಿಟ್ಟುಸಿರು ಬಿಡುವರು. ಅವ್ವ ದಾನವ್ವ ಇಟ್ಟ ಚಹ ಪಕ್ಕದಲ್ಲೇ ತಣ್ಣಗಾಗುವುದು. ಯಾರೂ ಇಲ್ಲದಾಗ ಆ ಬೆರಳುಗಳಿಗೆ ಕೆನ್ನೆ ಒತ್ತಿದ್ದೂ ಉಂಟು.

ಸೊಸೆ ಬರುವ ದಿನ ದಾನವ್ವ ಮನೆ ಚೊಕ್ಕಟ ಮಾಡುವ ಹುರುಪಿನಲ್ಲಿ ಆ ಅಂಗಿಯನ್ನೂ ಬಟ್ಟೆ ಒಗೆಯುವ ಸೋಡಾದ ನೀರಿಗೆ ಅದ್ದಿಬಿಟ್ಟಳು. ಮಾಸ್ತರರು ಹೌಹಾರಿ ಕಸಿದುಕೊಳ್ಳುವಷ್ಟರಲ್ಲಿ ಬೆರಳುಗಳು ಕೆಂಪಾಗಿದ್ದವು. ಹಾಗೆಯೇ ಹಗ್ಗಕ್ಕೆ ಹಾಕಿ ಸ್ಟೇಶನ್ನಿಗೆ ಓಡಿದರು.

ರಾಚವ್ವ ತಂದ ರೊಟ್ಟಿಯ ಗಂಟು ಬಿಚ್ಚಿ ಮೂವರೂ ಉಂಡರು. ಕೈ ತೊಳೆದು ಬಂದ ರಾಚವ್ವನ ಕಣ್ಣು ಹಗ್ಗದ ಮೇಲೆ ಬಿತ್ತು.

“ಇದು ಯಾರ ಕುಂಕುಮದ ಕೈ ರೀ?”

“ನಿಂದಽ. ಅರಿಷಿಣ ಅದು. ಸೋಡಾ ಅಂದ್ರ ಪ್ರತ್ಯಾಮ್ಲ. ಅದು ತಾಗಿ ಕೆಂಪಾಗೈತಿ.”

“ನಾ ಊರಾಗ ಇಲ್ಲದಾಗ ಅರಿಷಿಣಾನೂ ಕೆಂಪಾಗತೈತೇನು? ಚಲೋ ಶಾಸ್ತ್ರ ಕಲ್ತೀರಿ!”

ಸಂಸಾರ ಉಳಿಸಿಕೊಳ್ಳಲು ಮಾಸ್ತರರು ಲಿಂಬೆಹಣ್ಣು ಕೊಯ್ದು ಅಂಗಿಯ ಮೇಲೆ ಹಿಂಡಿದರು. ಹುಳಿಯೂ ಸೋಡಾವೂ ಒಂದರ ಸೊಕ್ಕು ಒಂದು ಮುರಿದು, ಲವಣವಾಗಿ ನೀರಾಗಿ ಶಾಂತವಾದವು. ಬೆರಳುಗಳು ಮತ್ತೆ ಹಳದಿಯಾದವು.

“ನೋಡು! ಮೂರು ತಿಂಗಳು ಇದನ್ನಽ ನೋಡ್ಕೋತ ಜೀವ ಹಿಡದೇನಿ.”

ರಾಚವ್ವನ ಕಣ್ಣು ಒದ್ದೆಯಾದವು. ಮೆಲ್ಲಗೆ ತನ್ನ ಕೈಯನ್ನು ಆ ಗುರುತಿನ ಮೇಲಿಟ್ಟಳು. ಅವಳ ಬೆರಳುಗಳ ಸುತ್ತಲೂ ಹಳದಿ ಉಳಿಯಿತು.

“ಇದು ನನ್ನ ಕೈ ಅಲ್ರೀ.”

ದಾನವ್ವ ಎದ್ದು ಬಂದು ತನ್ನ ಕೈ ಇಟ್ಟು ನೋಡಿದಳು. ಬೆರಳಿಗೆ ಬೆರಳು ಸರಿಯಾಗಿ ಕೂತಿತು.

“ಅಯ್ಯ, ಇದು ನಂದಽ! ಅವತ್ತ ಅರಿಷಿಣ ಕುಟ್ಟಿ ಏಳೂಮುಂದ ಮೊಣಕಾಲ ಹಿಡೀತು. ನಿನ್ನ ಬೆನ್ನಿಗೆ ಕೈ ಊರಿ ಎದ್ದಿದ್ದೆ. ನಿನಗ ಆಕೀದಽ ಧ್ಯಾಸ, ಗೊತ್ತಾಗಿದ್ದಿಲ್ಲ.”

ರಾಚವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ದಾನವ್ವ ನಗಲಿಲ್ಲ.

“ಮೂರು ತಿಂಗಳು ನಾನೂ ಇದಽ ಖೋಲ್ಯಾಗ ಇದ್ನಲ್ಲೋ. ಅಂಗಿ ನೋಡಿದ್ಹಂಗ ಒಮ್ಮ್ಯಾರ ನನ್ನ ಕಡೆ ನೋಡಿದ್ಯಾ?”

ರಾಚವ್ವನ ನಗು ನಿಂತಿತು. ಮಾಸ್ತರರು ಅವ್ವನ ಮಗ್ಗುಲಿಗೆ ಬಂದು ಕೂತರು. ಏನಾದರೂ ಪ್ರೀತಿಯ ಮಾತಾಡಬೇಕೆಂದು ಬಹಳ ತಡಕಾಡಿ, “ಊಟ ಆತೇನ್ಬೇ?” ಎಂದರು.

“ಈಗರ ನಿನ್ನ ಎದುರಿಗೆ ಕುಂತು ಉಂಡೆನಲ್ಲೋ,” ಎಂದಳು ದಾನವ್ವ.