ಅಡುಗೆಮನೆಗೊಂದು ಸೂರ್ಯೋದಯ

"ನೋಡ್ರಪ್ಪಾ, ಸೂರ್ಯ ಎಲ್ಲಿಂದ ಹುಟ್ತಾನೆ ಅಂತ ನಮ್ಮ ವೆಂಡೆಲ್ ಕಂಡುಹಿಡಿದಿದ್ದಾನೆ. ನನ್ನ ಅಂಡಿಂದ!"

ಬೆಳಗಿನ ಐದೂವರೆಗೆ, ಕಾಫಿ ಅಂಗಡಿ ಭರ್ತಿಯಾಗಿದ್ದಾಗ, ಗಸ್ ಪೆಟ್ರಿಲ್ಲೊ ವೆಂಡೆಲ್ ತಂದಿದ್ದ ಫೋಟೋ ಎತ್ತಿಹಿಡಿದು ಕೂಗಿದ. ಅದರಲ್ಲಿ ಗಸ್ ಬಗ್ಗಿ ಗಾಳ ಸರಿಮಾಡುತ್ತಿದ್ದ. ಅವನ ಹಿಂಭಾಗದ ಮೇಲೆ ಸೂರ್ಯ ಕುಂಬಳಕಾಯಿಯ ಹಾಗೆ ಕೂತಿದ್ದ. ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಕಾಫಿ ಕೊಡುವವಳೂ ನಕ್ಕಳು, ಚಿಲ್ಲರೆ ಕೊಡುವುದನ್ನು ಮರೆತು.

"ಹನ್ನೊಂದು ವರ್ಷದಿಂದ ತರ್ತಾ ಇದ್ದೀಯ ಮಾರಾಯ. ಕ್ಯಾಲೆಂಡರಿಗೆ ಫೋಟೋ ಕೊಡೋಕೆ ಇವತ್ತೇ ಕೊನೇ ದಿನ. ಒಂಬತ್ತಕ್ಕೆ ನಮ್ಮ ಠಾಣೆಗೆ ಊರವರ ಜೊತೆ ಪ್ಯಾನ್‌ಕೇಕ್ ತಿನ್ನೋಕೆ ಬಾ, ನಾನಿಲ್ಲದ ಸೂರ್ಯನ್ನ ತಾ!"

ಗಸ್ ಊರಿನ ಅಗ್ನಿಶಾಮಕ ತಂಡದ ಮುಖ್ಯಸ್ಥ. ವರ್ಷಾ ವರ್ಷಾ ತಂಡದವರು ಹಾಕಿಸುವ ಕ್ಯಾಲೆಂಡರಿಗೆ ಊರವರದೇ ಫೋಟೋ. ಆರಿಸುವವನು ಇದೇ ಮಹಾನುಭಾವ. ಆ ಕ್ಯಾಲೆಂಡರ್ ಇಲ್ಲದ ಅಡುಗೆಮನೆ ಆ ತೀರದಲ್ಲೇ ಇಲ್ಲ. ವೆಂಡೆಲ್‌ಗೆ ಅದು ಚೆನ್ನಾಗಿ ಗೊತ್ತು. ಪಾತ್ರೆ ತೊಳೆಯುವ ಯಂತ್ರ ರಿಪೇರಿ ಮಾಡುವ ಅವನು ಊರಿನ ಪ್ರತಿ ಅಡುಗೆಮನೆಯಲ್ಲೂ ಅಂಗಾತ ಮಲಗಿದ್ದವನು. ಒಂದರಲ್ಲೂ ಕೂತವನಲ್ಲ. ಕೂತ್ಕೋ ಅಂತ ಯಾರೂ ಅಂದಿರಲಿಲ್ಲ. ತಾನು ಕೂರದಿದ್ದರೆ ಹಾಳಾಗಲಿ, ತನ್ನ ಹೆಸರಾದರೂ ಒಂದು ತಿಂಗಳು ಅಲ್ಲಿ ತೂಗಾಡಲಿ ಅನ್ನುವುದಷ್ಟೇ ಅವನ ಆಸೆ.

ಕಡಲ ದಂಡೆಗೆ ಬಂದು ಕ್ಯಾಮೆರಾ ನಿಲ್ಲಿಸಿದ. ಮೂಡಣ ಕೆಂಪಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ರೋಸ್ಮರಿ ನಾಯಿ ಹಿಡಿದುಕೊಂಡು ಬಂದಳು.

"ಅಯ್ಯೋ ಮಗನೇ, ಸ್ವಲ್ಪ ಎಡಕ್ಕೆ ಇಡೋ. ನಮ್ಮೆಜಮಾನ್ರು ಎಡಕ್ಕೇ ಇಡ್ತಿದ್ರು."

ನಾಯಿ ಕ್ಯಾಮೆರಾದ ಮೂರು ಕಾಲಲ್ಲಿ ಒಂದನ್ನು ಆರಿಸಿಕೊಂಡು ತನ್ನ ಕಾಲೆತ್ತಿತು. ವೆಂಡೆಲ್ ಬಲಕ್ಕೆ ಓಡಿದ. ಅಲ್ಲಿ ಎಂಟು ಹೆಂಗಸರು ಚಾಪೆ ಹಾಸಿ ಯೋಗಕ್ಕೆ ನಿಂತರು. ಸೂರ್ಯ ಬರಬೇಕಾದ ಜಾಗದಲ್ಲಿ ಹದಿನಾರು ಕಾಲು ಮೇಲೆದ್ದವು. ಎಡಕ್ಕೆ ಓಡಿದ. ಅಲ್ಲಿ ಗಾಳ ಹಿಡಿದು ಬಗ್ಗಿದ್ದವನು ಗಸ್!

"ಸ್ವಲ್ಪ ಸರೀತೀರಾ?"

"ಕಡಲು ನಿಮ್ಮಪ್ಪಂದೇನೋ?"

ಇನ್ನು ನಾಲ್ಕೇ ನಿಮಿಷ. ವೆಂಡೆಲ್‌ಗೆ ತಲೆ ಕೆಟ್ಟುಹೋಯಿತು. ಆ ಊರಲ್ಲಿ ಯಾರೂ ಎಂದೂ ಹೇಳದ ಸುಳ್ಳನ್ನು ಗಂಟಲು ಹರಿಯುವಂತೆ ಕೂಗಿಬಿಟ್ಟ.

"ತಿಮಿಂಗಿಲ! ಎರಡನೇ ಕಲ್ಲುಕಟ್ಟೆ ಹತ್ರ ತಿಮಿಂಗಿಲ!"

ಬೆಂಕಿ ಅಂದರೆ ಆ ಊರಿನವರು ಮೊದಲು ಚಪ್ಪಲಿ ಹುಡುಕುತ್ತಾರೆ. ತಿಮಿಂಗಿಲ ಅಂದರೆ ಬರಿಗಾಲಲ್ಲೇ ಓಡುತ್ತಾರೆ. ಕಂಡವನು ಕೂಗಬೇಕು, ಕೇಳಿದವನು ಮುಂದಕ್ಕೆ ಕೂಗುತ್ತಾ ಓಡಬೇಕು. ಅಲ್ಲಿಯ ರೂಢಿ ಅದು. ಗಸ್ ಗಾಳ ಎಸೆದು ಓಡಿದ. ಚಾಪೆಗಳು ಅನಾಥವಾದವು. ನಾಯಿಯೇ ರೋಸ್ಮರಿಯನ್ನು ಎಳೆದುಕೊಂಡು ಹೋಯಿತು. ಮನೆಮನೆಗಳಿಂದ ಜನ ಮಲಗುವ ಬಟ್ಟೆಯಲ್ಲೇ ಕಾಫಿ ಚೆಲ್ಲುತ್ತಾ ಹೊರಟರು.

ದಂಡೆ ಖಾಲಿಯಾಯಿತು. ಸೂರ್ಯ ಬಂದ. ವೆಂಡೆಲ್ ಕ್ಲಿಕ್ಕಿಸಿದ. ಚೊಕ್ಕ ಚಿತ್ರ, ನರಪಿಳ್ಳೆಯೂ ಇಲ್ಲ. ದೂರದಲ್ಲಿ ದೊಡ್ಡ ಕೂಗೆದ್ದಿತು. ತನಗೇ ಬಯ್ಯುತ್ತಿದ್ದಾರೆ ಅಂದುಕೊಂಡು ಅವನು ತಿರುಗಿಯೂ ನೋಡಲಿಲ್ಲ.

ಔಷಧಿ ಅಂಗಡಿಯಲ್ಲಿದ್ದ ಫೋಟೋ ಯಂತ್ರದಲ್ಲಿ ದೊಡ್ಡ ಪ್ರಿಂಟ್ ತೆಗೆಸಿ, ಒದೆ ತಿನ್ನುವುದಕ್ಕೂ ತಯಾರಾಗಿ, ಒಂಬತ್ತಕ್ಕೆ ಅಗ್ನಿಶಾಮಕ ಠಾಣೆಯೊಳಗೆ ಕಾಲಿಟ್ಟ. ಇಡೀ ಊರು ಎದ್ದು ಚಪ್ಪಾಳೆ ತಟ್ಟಿತು!

"ಬಂದ ನೋಡು ನಮ್ಮ ಹುಲಿ!" ಗಸ್ ಬಂದು ತಬ್ಬಿಕೊಂಡ. "ಏನ್ ಕಣ್ಣಯ್ಯ ನಿಂದು! ನಾವು ಹೋಗೋದಕ್ಕೂ ಅದು ನೆಗೆಯೋದಕ್ಕೂ ಸರಿಹೋಯ್ತು. ಕೂತ್ಕೋ, ಕೂತ್ಕೋ!"

ಯಾರೋ ಕುರ್ಚಿ ಎಳೆದರು. ಯಾರೋ ತಟ್ಟೆ ಕೈಗಿಟ್ಟರು. ಗೋಡೆಯ ಮೇಲೆ ಆಗಲೇ ಫೋಟೋ ಅಂಟಿಸಿದ್ದರು. ಸೂರ್ಯನಿಗೆ ಅಡ್ಡಲಾಗಿ ನೆಗೆದ ತಿಮಿಂಗಿಲ, ಅದರ ಮುಂದೆ ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ, ಕೆದರಿದ ತಲೆಯಲ್ಲಿ ನಗುತ್ತಿದ್ದ ಇಡೀ ಊರು.

"ಇದೇ ಮುಖಪುಟ ಅಂತ ಆಗಿಹೋಯ್ತು" ಅಂದ ಗಸ್. "ಆದ್ರೂ ಮೊದಲು ಕಂಡವನು ನೀನು. ನಿಂದು ತೋರ್ಸು, ಒಳ್ಳೇದಿದ್ರೆ ಅದನ್ನೇ ಹಾಕೋಣ."

ವೆಂಡೆಲ್ ತೋರಿಸಿದ. ಕಡಲು, ಸೂರ್ಯ, ಅಷ್ಟೇ.

ಗಸ್ ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ರೋಸ್ಮರಿ ಗೋಡೆಯ ಫೋಟೋದ ಮೇಲೆ ಬೆರಳಿಟ್ಟು, ಒಂದೊಂದೇ ಮುಖ ಮುಟ್ಟುತ್ತಾ ಆ ತುದಿಯಿಂದ ಈ ತುದಿಗೆ ಬಂದಳು.

"ನೀನೆಲ್ಲಿದ್ದೀಯೋ ಮಗನೇ ಇದ್ರಲ್ಲಿ? ಊರಿಗೆಲ್ಲಾ ಕೂಗಿ ಹೇಳಿ, ನೀನೇ ಯಾಕೆ ಬರ್ಲಿಲ್ಲ?"

ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಒಂದು ತುತ್ತೂ ತಿನ್ನದೆ ವೆಂಡೆಲ್ ತಟ್ಟೆಯನ್ನು ಮೇಜಿನ ಮೇಲಿಟ್ಟು, ಇನ್ನೂ ಬೆಚ್ಚಗಾಗದ ಕುರ್ಚಿಯಿಂದ ಎದ್ದು, ಬಾಗಿಲ ಕಡೆ ನಡೆದ.